ಕನ್ನಡಿಯ ಎತ್ತರ

"ಮನೆ ಗಂಡಸರನ್ನ ಕಳ್ಸಿ, ತೋರಿಸ್ತೀನಿ," ಎಂದ ಅಂಗಡಿಯವನು, ರುವೈದಾಳ ಕೈಯಲ್ಲಿದ್ದ ಡ್ರಿಲ್ಲನ್ನು ಮೆಲ್ಲಗೆ ಇಸಿದುಕೊಳ್ಳುತ್ತ.

"ಅವರು ಹೋಗಿ ಎರಡು ವರ್ಷ ಆಯ್ತು. ನನಗೇ ತೋರಿಸಿ."

ಅವನ ಮುಖ ಸಣ್ಣದಾಯಿತು. "ದೇವರು ಅವರನ್ನ ಕರುಣಿಸಲಿ" ಎಂದವನೇ ಆಟಿಕೆಯಂಥ ಪುಟ್ಟದೊಂದನ್ನು ಮುಂದಿಟ್ಟು, ಹೆಂಗಸರ ಕೈಗೆ ಹಗುರ ಎಂದ. ಇರ್ಬಿದ್ ಊರಿನ ಗೋಡೆಗಳು ಹೆಂಗಸರ ಕೈ ನೋಡಿ ಮೆತ್ತಗಾಗುತ್ತವೆಯೇ? ಬರೀ ತಿರುಗುವುದು ಬೇಡ, ತಿರುಗುತ್ತಲೇ ಕುಟ್ಟುವುದು ಬೇಕು, ಕಾಂಕ್ರೀಟಿಗೆ, ಎಂದಳು. ವೈರಿನದೂ ಬೇಡ, ಬ್ಯಾಟರಿಯದೇ ಬೇಕು. ಪಡಸಾಲೆಯ ಆ ಗೋಡೆಯ ಹತ್ತಿರ ಪ್ಲಗ್ಗೇ ಇಲ್ಲ. ನಾಲ್ಕೈದನ್ನು ಎತ್ತಿ ನೋಡಿ, ಮಣಿಕಟ್ಟು ಸೋಲದ್ದನ್ನು ಆರಿಸಿಕೊಂಡು ಬಂದಳು.

ಆಸೆ ದೊಡ್ಡದೇನಲ್ಲ. ಪಡಸಾಲೆಯ ಕನ್ನಡಿಯಲ್ಲಿ ತನ್ನ ಮುಖ ನೋಡಬೇಕು. ಮದುವೆಯಾಗಿ ಬಂದಾಗಿನಿಂದ ಅದರಲ್ಲಿ ಅವಳಿಗೆ ಕಂಡದ್ದು ಹಣೆ, ತಲೆವಸ್ತ್ರದ ಅಂಚು, ಅಷ್ಟೆ. ತೂಗುಹಾಕಿದವರು ಅಬು ಗಾಲಿಬ್. ಗಂಡ ಖಲ್ದೂನ್‌ನ ಅಣ್ಣ, ಹೆಂಡತಿಯೊಡನೆ ಕೆಳಗಿನ ಮನೆಯಲ್ಲಿರುವವರು, ಬಾಗಿಲ ಚೌಕಟ್ಟಿಗೆ ತಲೆ ತಾಗುವ ಆಳು. ಒಂದು ಮೊಳೆ ಹೊಡೆಯಬೇಕಾದರೂ ಅವರೇ ಬರಬೇಕು, ಅವರು ಹೇಳಿದ ಕಡೆಯೇ ಹೊಡೆಯಬೇಕು. ಸ್ವಲ್ಪ ಕೆಳಗೆ ಹಾಕಿ ಎಂದರೆ, "ಅಲ್ಲೇ ಚೆನ್ನಾಗಿದೆ ಬಿಡಮ್ಮಾ," ಮುಗಿಯಿತು. ಸ್ವಂತ ಮನೆಯಲ್ಲಿ ಮುಖ ನೋಡಿಕೊಳ್ಳಲು ಸ್ಟೂಲು ಹತ್ತುವ ಬಾಳು ಸಾಕಾಗಿಹೋಗಿತ್ತು.

ಕನ್ನಡಿ ಇಳಿಸಿ, ಪೆನ್ಸಿಲಿನಲ್ಲಿ ಎರಡು ಗುರುತು ಹಾಕಿ, ಡ್ರಿಲ್ಲನ್ನು ಗೋಡೆಗೊತ್ತಿದಳು. ಗರ್ರೆಂದಿತು, ಬಣ್ಣ ಕೆರೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಡ್ರಿಲ್ಲಿನ ಮುಂಭಾಗದ ಬಳೆಯನ್ನು, ಕುಟ್ಟುವುದಕ್ಕಿರುವ ಸುತ್ತಿಗೆಯ ಚಿತ್ರಕ್ಕೆ ತಿರುಗಿಸುವುದನ್ನೇ ಮರೆತಿದ್ದಳು. ತಿರುಗಿಸಿ, ಹೆಗಲು ಕೊಟ್ಟು ಒತ್ತಿದಾಗ ಕಟ್ಟಡವೇ ನಡುಗಿದಂತಾಗಿ ಮೊನೆ ಒಳಗಿಳಿಯಿತು. ಖುಷಿಯಾಗಿ ಒಬ್ಬಳೇ ನಕ್ಕಳು.

ಶಬ್ದ ಕೇಳಿ ಅಬು ಗಾಲಿಬ್ ಬಂದೇ ಬಂದರು. ಮನೆಯಲ್ಲಿ ಅವಳೊಬ್ಬಳೇ ಎಂದು ಬಾಗಿಲನ್ನು ಪೂರ್ತಿ ತೆರೆದಿಟ್ಟು, ತೂತು ನೋಡಿ, ಅವಳನ್ನು ನೋಡಿ ಕೂತರು. ರುವೈದಾ ಕಾಫಿ ತಂದಿಟ್ಟಳು. ಅವರು ಮುಟ್ಟಲಿಲ್ಲ. ಬಟ್ಟಲನ್ನು ಮುಂದಿಟ್ಟುಕೊಂಡು ನೆಲ ನೋಡತೊಡಗಿದರು.

ಬಂದವರು ಕಾಫಿ ಮುಟ್ಟದಿದ್ದರೆ ಏನೋ ಕೋರಿಕೆ ಇದೆಯೆಂದೇ ಅರ್ಥ. ನಡೆಸಿಕೊಡುತ್ತೇನೆ ಎನ್ನುವವರೆಗೆ ಕುಡಿಯುವುದಿಲ್ಲ, ಕುಡಿಯದೆ ಎದ್ದು ಹೋದರೆ ಮನೆಗೇ ಅವಮಾನ. ಹೆಣ್ಣು ಕೇಳಲು ಹೀಗೆ ಕೂರುತ್ತಾರೆ, ಕೊಲೆಯ ರಾಜಿಗೆ ಕೂರುತ್ತಾರೆ. ಗೋಡೆಯ ತೂತಿಗೆ ಕೂತವರನ್ನು ಅವಳು ಕಂಡಿರಲಿಲ್ಲ.

"ಅದೇನು ಹೇಳಿ ಭಾವ."

"ಆ ಮಿಷನ್ ನನ್ನ ಕೈಗೆ ಕೊಡಮ್ಮಾ."

"ಯಾಕೆ, ನನಗೆ ಬರಲ್ವಾ?"

"ಬರುತ್ತೆ, ನೋಡಿದ್ನಲ್ಲ. ಅದೇ ತೊಂದ್ರೆ. ಖಲ್ದೂನ್ ಹೋದ್ಮೇಲೆ ಈ ಮೆಟ್ಲು ಹತ್ತೋಕೆ ನನಗೆ ಏನಾದ್ರೂ ಕೆಲ್ಸ ಬೇಕು. ಮೊಳೆ, ಬಲ್ಬು, ಎಂಥದೋ ಒಂದು. ಎಲ್ಲ ನೀನೇ ಮಾಡ್ಕೊಂಡ್ರೆ, ನನ್ನ ತಮ್ಮನ ಮನೆಗೆ ನಾನು ಏನಂತ ಬರ್ಲಿ?"

ಇಷ್ಟು ವರ್ಷ ಸಾಕಿದ ಸಿಟ್ಟನ್ನು ಎಲ್ಲಿಡುವುದೆಂದು ರುವೈದಾಳಿಗೆ ತೋಚಲಿಲ್ಲ. ತಮ್ಮನಿಗಾಗಿ ಈಗಲೂ ಕೊರಗುವ ಮನುಷ್ಯ. ಇವರದು ಬರೀ ಯಜಮಾನಿಕೆ ಎಂದುಕೊಂಡಿದ್ದಳು. ಅಯ್ಯೋ ಪಾಪ ಎನಿಸಿತು. ಆದರೆ ಪಾಪ ಎಂದುಕೊಂಡು ಮತ್ತೆ ಸ್ಟೂಲು ಹತ್ತಲೇ?

"ಕುಡೀರಿ, ಮಿಷನ್ ನಿಮ್ಮ ಕೈಗೇ ಕೊಟ್ಟೆ. ಗುರುತು ಮಾತ್ರ ನಂದು. ಕೂದಲೆಳೆಯಷ್ಟು ಮೇಲೆ ಹೋದ್ರೂ ಕುಡಿದ ಕಾಫಿ ಕಕ್ಕಿಸ್ತೀನಿ."

ಆರಿಹೋಗಿದ್ದ ಕಾಫಿಯನ್ನು ಅವರು ಒಂದೇ ಗುಟುಕಿಗೆ ಮುಗಿಸಿದರು. ಎರಡನೆಯ ಗುರುತಿನ ಮುಂದೆ ನಿಂತು, "ಇಷ್ಟು ಕೆಳಗಾ?" ಎಂದರು.

"ನನ್ನ ಮುಖ ಇರೋದೇ ಅಲ್ಲಿ ಭಾವ, ಏನ್ಮಾಡ್ಲಿ?"

ಅವರು ನಕ್ಕು, ಗುರುತಿದ್ದಲ್ಲೇ ಕೊರೆದರು. ಸ್ಕ್ರೂ ಬಿಗಿದು ಕನ್ನಡಿ ಹಾಕಿದ ಮೇಲೆ ರುವೈದಾ ಬರಿಗಾಲಲ್ಲಿ ಅದರೆದುರು ನಿಂತಳು. ಹುಬ್ಬು, ಮೂಗು, ಗಲ್ಲ, ಎಲ್ಲ ಇತ್ತು. ಪರವಾಗಿಲ್ಲ, ಇನ್ನೂ ಚೆನ್ನಾಗಿದ್ದೇನೆ ಎಂದುಕೊಂಡಳು.

"ನಾಳೆ ಅಕ್ಕನ್ನ ಕರ್ಕೊಂಡು ಬನ್ನಿ. ಕೆಲ್ಸ ಏನಿಲ್ಲ, ಸುಮ್ನೆ," ಎಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

"ಹೂಂ," ಎಂದು ಹೊರಟ ಅಬು ಗಾಲಿಬ್ ಕನ್ನಡಿಯ ಮುಂದೆ ನಿಂತರು. ಅದರಲ್ಲಿ ಕಂಡದ್ದು ಅವರ ಅಂಗಿಯ ಗುಂಡಿಗಳು ಮಾತ್ರ. ಒಮ್ಮೆ ಅಡುಗೆಮನೆಯ ಕಡೆ ನೋಡಿ, ಒಂದು ಕೈ ಮಂಡಿಗೆ ಕೊಟ್ಟು ಬಗ್ಗಿ, ಮೀಸೆಯ ಮೇಲಿನ ಬಿಳಿ ಧೂಳನ್ನು ಬೆರಳಿನಿಂದ ನಿಧಾನವಾಗಿ ಒರೆಸಿಕೊಳ್ಳತೊಡಗಿದರು.