ಶನಿವಾರದ ಸುಳ್ಳು

ಶಿವಕಾಂತ ಸುಳ್ಳು ಹೇಳುವುದರಲ್ಲಿ ಪಳಗಿದ ಕೈ. ಬೀದರಿನಿಂದ ನಾಸಿಕಕ್ಕೆ ಬಂದು ಹನ್ನೊಂದು ವರ್ಷ, ಅಲ್ಲಿನ ಕೈಗಾರಿಕಾ ಪ್ರದೇಶವಾದ ಅಂಬಡ್‌ನ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಹಣೆಯ ಮೇಲೆ ದಿನವೂ ವಿಭೂತಿ. ಇಂಥವನ ಮೇಲೆ ಯಾರಿಗೆ ಅನುಮಾನ ಬರಬೇಕು? ಮೊಬೈಲಿನಲ್ಲಿ ಶುರುವಾದ ಕಾಮದ ಚಟ ಲಾಡ್ಜುಗಳವರೆಗೂ ಬೆಳೆದಿತ್ತು. ಕಳೆದ ದೀಪಾವಳಿಯಲ್ಲಿ ಹೆಂಡತಿ ಅಶ್ವಿನಿ ಅವನ ಫೋನು ನೋಡಿಬಿಟ್ಟಳು. ಕೂಗಾಡಲಿಲ್ಲ.

"ಇನ್ನೊಂದು ಸುಳ್ಳು ಗೊತ್ತಾದ್ರ ಮಗಳನ್ನ ಕರ್ಕೊಂಡು ಬೀದರಕ ಹೋಗ್ತೀನ್ರಿ" ಎಂದಳು.

ಹೆದರಿದವನು ಆಪ್ತಸಮಾಲೋಚಕರನ್ನು ಹುಡುಕಿದ. ನಾಸಿಕದಲ್ಲಿ ಊರಿನವರ ಕಣ್ಣಿಗೆ ಬಿದ್ದರೆ ಮಾನ ಹೋದೀತೆಂದು ಶನಿವಾರ ಶನಿವಾರ ನಾಲ್ಕು ತಾಸು ದೂರದ ಸಂಭಾಜಿನಗರದ ಪ್ರಭಾಕರ ಸರ್ ಬಳಿಗೆ ಬಸ್ಸು ಹತ್ತಿದ. ಅವರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಚಪಲ ಯಾವಾಗ ಏಳುತ್ತದೆ ಎಂದು ಬರೆಸಿದರು. ನೋಡಿದರೆ, ಮ್ಯಾನೇಜರ್ ಎಲ್ಲರೆದುರು ಗದರಿಸಿದ ದಿನವೇ ಅದು ಏಳುತ್ತಿತ್ತು. ಆ ಹೊತ್ತಿಗೆ ಫೋನು ಬೀಗ ಹಾಕಿಟ್ಟು ನಡೆಯಲು ಹೋಗುವುದನ್ನು ಕಲಿತ. ಎರಡು ಸಲ ಜಾರಿದ, ಬಂದು ಒಪ್ಪಿಕೊಂಡ. ಈಗ ಒಂಬತ್ತು ವಾರದಿಂದ ಜಾರಿರಲಿಲ್ಲ.

ಒಂದು ಶನಿವಾರ ಸರ್ ಮರಾಠಿಯಲ್ಲಿ ಕೇಳಿದರು. "ಮನೆಯಲ್ಲಿ ಏನು ಹೇಳಿ ಬರುತ್ತೀರಿ?"

"ಇಲ್ಲಿ ವಾಳೂಜ್‌ನಲ್ಲಿ ನಮ್ಮ ಕಂಪನಿಯ ಇನ್ನೊಂದು ಕಾರ್ಖಾನೆಯಿದೆ, ಅಲ್ಲಿ ಕೆಲಸ ಅಂತ."

"ಮೊದಲು ಲಾಡ್ಜಿಗೆ ಹೋಗುವಾಗ?"

"ಆಗಲೂ ಅದನ್ನೇ ಹೇಳುತ್ತಿದ್ದೆ, ಸರ್." ಚಟಕ್ಕೆ ಹೇಳುತ್ತಿದ್ದ ಸುಳ್ಳನ್ನೇ ಮಹಾಶಯ ಚಿಕಿತ್ಸೆಗೂ ಹೇಳುತ್ತಿದ್ದ!

"ನಿಜ ಹೇಳಿದರೆ ಅವಳು ಹೊರಟುಹೋಗುತ್ತಾಳೆ, ಸರ್."

"ಹೋಗಬಹುದು. ಆದರೆ ಈ ಸುಳ್ಳು ಉಳಿದರೆ ಚಟಕ್ಕೆ ದಾರಿ ತೆರೆದೇ ಇರುತ್ತದೆ. ಇಲ್ಲೇ ಒಮ್ಮೆ ಹೇಳಿ ನೋಡಿ, ನಿಮ್ಮ ಕನ್ನಡದಲ್ಲಿ. ನನಗೆ ತಿಳಿಯದಿದ್ದರೂ ಚಿಂತೆಯಿಲ್ಲ."

ತಿಂಗಳುಗಟ್ಟಲೆ ಮರಾಠಿಯಲ್ಲಿ ಎಲ್ಲವನ್ನೂ ಬಿಚ್ಚಿಟ್ಟವನು, "ಅಶ್ವಿನಿ, ನಾ..." ಎಂದು ನಿಂತುಬಿಟ್ಟ. ಮರಾಠಿಯಲ್ಲಿ ಅದು ಯಾವನೋ ರೋಗಿಯ ಕಥೆಯಾಗಿತ್ತು. ಕನ್ನಡದಲ್ಲಿ ಹೆಂಡತಿಯ ಮುಖವೇ ಎದುರು ಬಂತು. ಮೂರನೆಯ ಸಲಕ್ಕೆ ಅಳುತ್ತ ಮಾತು ಮುಗಿಸಿದ.

ಸಂಜೆ ಅಶ್ವಿನಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ಶಿವಕಾಂತ ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಲಾಡ್ಜು, ವಾಳೂಜ್, ಪ್ರಭಾಕರ ಸರ್, ಎರಡು ಸಲ ಜಾರಿದ್ದು, ಯಾವುದನ್ನೂ ಬಿಡಲಿಲ್ಲ.

ಅವಳು ಗ್ಯಾಸ್ ಆರಿಸಿ ಒಳಗೆ ಹೋದಳು. ಮಂಚದ ಕೆಳಗಿನಿಂದ ತುಂಬಿದ ಬ್ಯಾಗೊಂದನ್ನು ಎಳೆದಳು.

"ವಾಳೂಜ್ ಸುಳ್ಳಂತ ಎರಡು ತಿಂಗಳಿಂದ ಗೊತ್ತದ, ನಿಮ್ಮ ಆಫೀಸಿಗೆ ಫೋನ್ ಹಚ್ಚಿ ಕೇಳಿದ್ದೆ. ಈ ಬ್ಯಾಗ್ ಆವಾಗೇ ತುಂಬೀನಿ. ನೀವು ಹೇಳ್ತೀರೇನಂತ ಒಂದೊಂದು ಶನಿವಾರ ಕಾದೀನ್ರಿ."

ಶಿವಕಾಂತ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದ. ಅಶ್ವಿನಿ ತಡೆದಳು.

"ಬ್ಯಾಗ್ ಬಿಚ್ಚಂಗಿಲ್ಲ, ಈಗೇ ಬಿಚ್ಚಂಗಿಲ್ಲ. ಬರೋ ಶನಿವಾರ ನಾನೂ ಬರ್ತೀನಿ. ಆ ಸರ್ ಮುಂದ ನಾ ಪಟ್ಟಿದ್ದೂ ಹೇಳೋದದ. ನೀವು ಬಾಜೂಕ ಕೂತು ಕೇಳ್ರಿ. ನಡುವ ಎದ್ದು ಹೋಗಬ್ಯಾಡ್ರಿ."