ಸೊಪ್ಪಿನಕಲ್ಲಿನ ಇಂಡಿಕೇಟರ್

ತೊಟ್ಟಿಲಬೆಟ್ಟದ ಎತ್ತರ ಸರ್ಕಾರದ ಲೆಕ್ಕದಲ್ಲಿ ನಾಲ್ಕು ಸಾವಿರದ ಎಂಟುನೂರು ಅಡಿ. ಅವರು ಅಳೆದದ್ದು ಮಧ್ಯಾಹ್ನ. ಬೆಳಿಗ್ಗೆ ಮಂಜು ಕುಡಿದು ಎದ್ದು ನಿಂತಾಗ ಅದು ಇನ್ನೂ ಮುನ್ನೂರು ಅಡಿ ಬೆಳೆದಿರುತ್ತದೆ. ಅಳೆಯಲು ಬಂದವರಿಗೆ ಇದು ಗೊತ್ತಿಲ್ಲ, ನನಗೆ ಗೊತ್ತು. ಮಾದಾಪುರದ ಕಡೆಯಿಂದ ಆ ಬೆಟ್ಟಕ್ಕೆ ಜನರನ್ನು ಹತ್ತಿಸಿ ಇಳಿಸುವ ಗೈಡ್ ಮರುಳಸಿದ್ದಪ್ಪ ನಾನೇ. ಇಪ್ಪತ್ತೆರಡು ವರ್ಷದಲ್ಲಿ ಎರಡು ಲಕ್ಷ ಸಲ ಹತ್ತಿದ್ದೇನೆ. ಯಾರೋ ಕೂತು ಭಾಗಾಕಾರ ಮಾಡಿದರು, ದಿನಕ್ಕೆ ಇಪ್ಪತ್ತೈದು ಸಲ ಬಂತಂತೆ. ಇರಲಿ, ಮಳೆಗಾಲದಲ್ಲಿ ಸ್ವಲ್ಪ ಕಡಿಮೆ ಹತ್ತುತ್ತೇನೆ. ಒಮ್ಮೆ ನನ್ನ ರಕ್ತ ಕುಡಿದ ಇಂಬಳ ಮತ್ತೆ ಬೇರೆಯವರ ಕಾಲು ಹಿಡಿಯುವುದಿಲ್ಲ, ಉಳಿದವರದು ಸಪ್ಪೆ ಅನ್ನಿಸುತ್ತದೆ ಅದಕ್ಕೆ.

ಇಂಥ ನಾನು ಕಳೆದ ಅಕ್ಟೋಬರಿನಲ್ಲಿ ಅದೇ ಬೆಟ್ಟದ ಮೇಲೆ ದಾರಿ ತಪ್ಪಿದೆ. ಬೇರೆಯವರು ಸೇರಿಸಿ ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಸೇರಿಸಿ ಹೇಳುವುದರಲ್ಲಿ ನನಗಿಂತ ಚೆನ್ನಾಗಿ ಇನ್ಯಾರಿಗೆ ಬರುತ್ತದೆ?

ಅವತ್ತು ಬಂದವರು ಇಬ್ಬರು, ಕುಶಾಲನಗರದ ಪಕ್ಕದ ಹಳ್ಳಿಯ ಅಪ್ಪ ಮಗಳು. ಅಪ್ಪ ಸಣ್ಣಸ್ವಾಮಣ್ಣ ಮೂವತ್ತೆರಡು ವರ್ಷ ಬಸ್ಸು ಓಡಿಸಿ ರಿಟೈರ್ ಆದವರು. ಮಗಳು ಕಾವ್ಯಶ್ರೀ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮೇಲೆ ಹೇಳಿದ ಭಾಗಾಕಾರ ಅವಳದ್ದೇ.

"ಮೂವತ್ತೆರಡು ವರ್ಷ ಸ್ಟೇರಿಂಗ್ ಹಿಡ್ಕಂಡು ಈ ಬೆಟ್ಟ ನೋಡಿದೀನಿ ಸಿದ್ದಪ್ಪನೋರೆ," ಎಂದರು ಸಣ್ಣಸ್ವಾಮಣ್ಣ. "ಪ್ಯಾಸೆಂಜರೆಲ್ಲ ಕಿಟಕೀಲಿ ಆರಾಮಾಗಿ ನೋಡೋರು. ನಾನು ತಿರುವಲ್ಲಿ ಅರ್ಧ ಕಣ್ಣಲ್ಲಿ ನೋಡಿದ್ದಷ್ಟೇ. ಒಂದ್ಸಲ ಪೂರ್ತಿ ನೋಡ್ಬೇಕು."

ಡ್ರೈವರ್ ಅಂದರೆ ಅವರು! ಕಾಲುದಾರಿಯಲ್ಲೂ ಎಡಗಡೆಗೇ ನಡೆಯುತ್ತಿದ್ದರು. ಎದುರಿಗೆ ಒಂದು ಹಸು ಬಂದರೆ ನಿಂತು ಸೈಡ್ ಕೊಟ್ಟರು.

ಒಂದು ಗಂಟೆ ಹತ್ತಿದ ಮೇಲೆ ಸೊಪ್ಪಿನಕಲ್ಲು ಬಂತು. ನಾಲ್ಕು ದಾರಿ ಕೂಡುವ ಜಾಗದಲ್ಲಿ ಸೊಂಟದೆತ್ತರದ ಒಂದು ಕಲ್ಲು. ಒಂದು ದಾರಿ ನಾವು ಬಂದದ್ದು, ಜರಿಗಿಡಗಳ ನಡುವೆ ಊರಿಂದ ಹತ್ತುವುದು. ಒಂದು ಹುಲ್ಲಿನ ಬಾಣೆ ದಾಟಿ ನೆತ್ತಿಗೆ ಹೋಗುವುದು. ಮೂರನೆಯದು ಪಾಳುಬಿದ್ದ ಏಲಕ್ಕಿ ತೋಟಕ್ಕೆ ಇಳಿಯುತ್ತದೆ. ನಾಲ್ಕನೆಯದು ವಾಟೆಬಿದಿರಿನ ಹಳ್ಳಕ್ಕೆ. ಈ ಕಲ್ಲಿನ ಮುಂದೆ ಹಾಯುವವರು, ತಾವು ನಡೆದು ಬಂದ ದಾರಿಯಲ್ಲಿ ಕಿತ್ತ ಒಂದೆಲೆ ಸೊಪ್ಪನ್ನು ಅದರ ಮೇಲೆ ಇಟ್ಟು ಹೋಗಬೇಕು. ಕಲ್ಲಿನ ಪಕ್ಕದ್ದು ಕಿತ್ತಿಡುವಂತಿಲ್ಲ. ನಮ್ಮ ತಾತಂದಿರ ಕಾಲದಿಂದ ನಡೆದು ಬಂದ ಪದ್ಧತಿ.

ಆದರೆ ಹೊರಗಿನಿಂದ ಬಂದವರಿಗೆ ಇಷ್ಟನ್ನೇ ಹೇಳಿದರೆ ಸಾಕೇ? ಉಪ್ಪು ಹಾಕದ ಸಾರಾಗುತ್ತದೆ. ಹಾಗಾಗಿ ನಾನೊಂದು ಸೇರಿಸಿಕೊಂಡಿದ್ದೆ.

"ಸುಮ್ನೆ ಇಡಂಗಿಲ್ಲ ಅಣ್ಣ," ಎಂದೆ ದನಿ ತಗ್ಗಿಸಿ. "ಸೊಪ್ಪಿನ ತುದಿ ನಾವು ಹೋಗೋ ಕಡೆಗೆ ತಿರುಗಿರ್ಬೇಕು. ಇಲ್ದಿದ್ರೆ ಬೆಟ್ಟ ನಮ್ಮನ್ನ ಗಿರಗಿರ ತಿರುಗಿಸ್ಬಿಡುತ್ತೆ. ಒಬ್ಬ ಇಂಗೇ ಉಲ್ಟಾ ಇಟ್ಟು, ಹನ್ನೊಂದು ದಿನ ಸುತ್ತಿ, ಕೊನೆಗೆ ಕೇರಳದಲ್ಲಿ ಇಳಿದ."

ಕಾವ್ಯಶ್ರೀ ನಕ್ಕಳು. ಸಣ್ಣಸ್ವಾಮಣ್ಣ ನಗಲಿಲ್ಲ.

"ಇಂಡಿಕೇಟರ್ ಅನ್ನಿ," ಎಂದರು ಗಂಭೀರವಾಗಿ. ದಾರಿಯಲ್ಲೇ ಕಿತ್ತಿಟ್ಟುಕೊಂಡಿದ್ದ ಜರಿಯ ಗರಿಯನ್ನು ಕಲ್ಲಿನ ಮೇಲಿಟ್ಟು, ತುದಿಯನ್ನು ನೆತ್ತಿಯ ಕಡೆಗೆ ತಿರುಗಿಸಿ, ಒಂದು ಸಣ್ಣ ಕಲ್ಲು ಹೇರಿದರು. "ನಾನು ಇಂಡಿಕೇಟರ್ ಹಾಕದೆ ಒಂದು ಸಲಾನೂ ಗಾಡಿ ತಿರುಗಿಸಿದೋನಲ್ಲ."

ನಾನು ಮಾತ್ರ ಏನೂ ಇಡಲಿಲ್ಲ. ಎಂದೂ ಇಟ್ಟವನಲ್ಲ. ವಾಟೆಹಳ್ಳದ ಆಚೆ ಒಂದೇ ಮನೆಯಲ್ಲಿ ಇರುವ, ದನ ಮೇಯಿಸುವ ಹುಚ್ಚಮ್ಮಕ್ಕ ಅಲ್ಲಿ ಎದುರಾದಾಗಲೆಲ್ಲ ಬಯ್ಯುತ್ತಿದ್ದಳು: "ಏನಪ್ಪ ಗೈಡು, ಬಾಯಿಗೆ ಬಿಡುವಿಲ್ಲ ಸರಿ, ಕೈಗೇನಾಗದೆ ರೋಗ? ಒಂದೆಲೆ ಹಾಕು." ನಾನು ಅಂದುಬಿಡುತ್ತಿದ್ದೆ, "ಅಕ್ಕ, ಈ ಬೆಟ್ಟಕ್ಕೆ ದಾರಿ ತೋರ್ಸೋನೇ ನಾನು. ಬೇಕಾದ್ರೆ ಅದೇ ನಂಗೆ ಸೊಪ್ಪು ಹಾಕ್ಲಿ."

ನೆತ್ತಿ ತಲುಪಿದಾಗ ಒಂಬತ್ತೂವರೆ. ಬಿಸಿಲು ಬಿದ್ದಿತ್ತು. ಸಣ್ಣಸ್ವಾಮಣ್ಣ ಎರಡೂ ಕಣ್ಣು ತೆರೆದು ನಾಲ್ಕು ದಿಕ್ಕೂ ನೋಡಿದರು, ಕೆಳಗೆ ತಾವು ಓಡಿಸಿದ ರಸ್ತೆಯನ್ನು ಬೆರಳಲ್ಲಿ ಗಾಳಿಯಲ್ಲೇ ಎಳೆದರು. ನಾನು ಕಾವ್ಯಶ್ರೀಗೆ ಆನೆಯ ಕಥೆ ಶುರು ಮಾಡಿದೆ. ಒಂಟಿ ಸಲಗವೊಂದನ್ನು ಬರೀ ಕೆಮ್ಮಿ ಓಡಿಸಿದ ಕಥೆ ಅದು. ಎರಡನೇ ಕೆಮ್ಮಿಗೆ ಬರುವ ಹೊತ್ತಿಗೆ ಕೆಳಗಿನಿಂದ ಮಂಜು ಎದ್ದು ಬಂತು. ನನ್ನ ಮೂಗೇ ನನಗೆ ಕಾಣಲಿಲ್ಲ. ನನ್ನ ಮೂಗು ಸಾಮಾನ್ಯದ ಮೂಗಲ್ಲ, ಅದು ಕಾಣಲಿಲ್ಲ ಎಂದರೆ ಮಂಜು ಎಂಥದ್ದು ಎಂದು ನೀವೇ ಲೆಕ್ಕ ಹಾಕಿ.

"ಅಪ್ಪಾ?" ಎಂದಳು ಕಾವ್ಯಶ್ರೀ.

ಉತ್ತರವಿಲ್ಲ. ಮೂತ್ರಕ್ಕೆಂದು ಬಂಡೆಯ ಮರೆಗೆ ಹೋದವರು ವಾಪಸ್ ಬಂದಿರಲಿಲ್ಲ. ಕೂಗಿದೆವು. ಸಿಳ್ಳೆ ಹಾಕಿದೆ. ಮಂಜು ಎಲ್ಲವನ್ನೂ ಹತ್ತಿಯ ಹಾಗೆ ಹೀರಿಕೊಂಡಿತು.

"ಫೋನ್ ಮಾಡವ್ವ."

"ಅವ್ರ ಫೋನು ನನ್ನ ಬ್ಯಾಗಲ್ಲಿದೆ ಅಂಕಲ್. ತಿಂಡಿ ಡಬ್ಬೀನೂ ಇಲ್ಲೇ ಇದೆ." ಡಬ್ಬಿಯನ್ನು ಹೊರಗೆ ತೆಗೆದು ತೋರಿಸಿದಳು. "ಅಪ್ಪಂಗೆ ಶುಗರ್. ಬೆಳಿಗ್ಗೆ ಇನ್ಸುಲಿನ್ ತಗೊಂಡಿದಾರೆ. ಹನ್ನೊಂದಕ್ಕೆ ಏನಾದ್ರೂ ತಿನ್ಲೇಬೇಕು. ಇಲ್ದಿದ್ರೆ ಕೈ ನಡುಗಿ, ಬೆವರು ಬಂದು, ಬಿದ್ದೇ ಹೋಗ್ತಾರೆ. ಹೋದ ವರ್ಷ ಒಂದ್ಸಲ ಪ್ರಜ್ಞೆ ತಪ್ಪಿತ್ತು."

ಗಡಿಯಾರ ನೋಡಿದೆ. ಹತ್ತು ಗಂಟೆ.

"ಹೆದರ್ಬೇಡ. ಕಣ್ಣು ಕಟ್ಟಿ ಬಿಟ್ರೂ ನಾನಿಲ್ಲಿ ನಡೀತೀನಿ," ಎಂದೆ. ಅವಳ ಕೈ ಹಿಡಿದು ಹೊರಟೆ. ಬಾಣೆಯ ಹುಲ್ಲಿನಲ್ಲಿ ಎಡಕ್ಕೆ ಹೋದೆ, ಕೂಗಿದೆ. ಬಲಕ್ಕೆ ಹೋದೆ, ಕೂಗಿದೆ. ಮುಕ್ಕಾಲು ಗಂಟೆಯಾದ ಮೇಲೆ ಅವಳು ನಿಂತಳು.

"ಅಂಕಲ್, ಈ ಸೀಳುಬಂಡೆ ಆಗ್ಲೇ ಎರಡು ಸಲ ಬಂತು."

"ಇಲ್ಲಿ ಸೀಳುಬಂಡೆಗಳು ಬೇಕಾದಷ್ಟಿವೆ."

"ನಾನು ಹೋದ ಸಲ ಬರ್ತಾ ಇದ್ರ ಮೇಲೆ ಕರ್ಚೀಫ್ ಇಟ್ಟಿದ್ದೆ."

ಕರ್ಚೀಫ್ ಅಲ್ಲೇ ಇತ್ತು, ನೀಲಿ ಹೂವಿನದು. ಅದನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಎಂದೂ ಆಡದ ಮಾತೊಂದು ಬಾಯಿಂದ ಬಂತು. "ದಾರಿ ತಪ್ಪಿದೆ ಕಣವ್ವ," ಎಂದೆ.

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಎಲ್ಲಿಂದಲೋ ದನದ ಕೊರಳಿನ ಮರದ ಗಂಟೆಯ ಲೊಟಲೊಟ ಸದ್ದು. ನಾನು ಆನೆ ಓಡಿಸಿದ್ದಕ್ಕಿಂತ ಜೋರಾಗಿ ಕಿರುಚಿದೆ, "ಹುಚ್ಚಮ್ಮಕ್ಕಾ!"

"ಯಾರ್ಲಾ ಅದು, ನನ್ನ ದನ ಬೆದ್ರಿಸೋದು?" ಮಂಜಿನೊಳಗಿಂದ ಮೊದಲು ಕೋಲು, ಆಮೇಲೆ ಕಂಬಳಿ, ಆಮೇಲೆ ಹುಚ್ಚಮ್ಮಕ್ಕ ಬಂದಳು. ವಿಷಯ ಹೇಳಿದೆವು. ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಎರಡು ಲಕ್ಷ ಸಲ ಹತ್ತಿದೋನು ನೀನೇ ಅಲ್ವಾ? ಲೆಕ್ಕ ತಪ್ಪಿರ್ಬೇಕು." ಅಷ್ಟು ಹೇಳಿ ಕಾವ್ಯಶ್ರೀಯ ಬೆನ್ನು ಸವರಿದಳು. "ಅಳಬ್ಯಾಡ ಮಗ. ಈ ಬೆಟ್ಟದಲ್ಲಿ ತಪ್ಪಿಸ್ಕಂಡೋನು ಎಲ್ಲಿ ಸುತ್ತಿದ್ರೂ ಸೊಪ್ಪಿನಕಲ್ಲಿಗೆ ಬಂದೇ ಬತ್ತಾನೆ. ಮೊದ್ಲು ಅಲ್ಲಿಗೆ ನಡೀರಿ."

ಅವಳ ದನಗಳ ಬಾಲ ಹಿಡಿದುಕೊಂಡು ಇಳಿದೆವು. ಹೌದು, ನಾನೂ ಹಿಡಿದುಕೊಂಡೆ.

ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಬೆಳಗಿನ ಜರಿಗರಿ ಆಗಲೇ ಬಾಡಿ ಮುದುರಿತ್ತು. ಆದರೆ ಅದರ ಮೇಲೆ ಇನ್ನೊಂದು ಎಲೆ ಇತ್ತು, ಉದ್ದನೆಯದು, ಹಸಿರು, ಸಣ್ಣ ಕಲ್ಲು ಹೇರಿದ್ದು. ಹುಚ್ಚಮ್ಮಕ್ಕ ತುದಿಯನ್ನು ಅಲುಗಿಸದೆ ಬುಡದ ಚೂರೊಂದನ್ನು ಚಿವುಟಿ, ಉಜ್ಜಿ, ಮೂಸಿ, ಕಾವ್ಯಶ್ರೀಯ ಮೂಗಿಗೆ ಹಿಡಿದಳು.

"ಏಲಕ್ಕಿ," ಎಂದಳು ಕಾವ್ಯಶ್ರೀ.

"ನಿಮ್ಮಪ್ಪ ಹಳೇ ಏಲಕ್ಕಿ ತೋಟಕ್ಕೆ ಜಾರವ್ನೆ. ಅಲ್ಲಿಂದ ಹತ್ತಿ ಇಲ್ಲಿಗೆ ಬಂದವ್ನೆ. ಕಿತ್ತು ಅರ್ಧ ಗಂಟೆ ಆಗಿಲ್ಲ, ಗಾಯ ಇನ್ನೂ ಹಸೀದು."

"ಈಗ ಎಲ್ಲಿಗೆ ಹೋದ್ರು ಅಜ್ಜಿ?"

ಹುಚ್ಚಮ್ಮಕ್ಕ ತಲೆಯಾಡಿಸಿದಳು. "ಸೊಪ್ಪು ಬಂದ ದಾರಿ ಹೇಳ್ತದೆ ಮಗ. ಹೋಗೋ ದಾರಿ ಹೇಳಕಿಲ್ಲ. ಹೋಗೋರಿಗೇ ಗೊತ್ತಿರಕಿಲ್ಲ, ಸೊಪ್ಪಿಗೆಲ್ಲಿ?"

ಹನ್ನೊಂದು ದಾಟಿ ಹತ್ತು ನಿಮಿಷ. ಮೂರು ದಾರಿ, ಮೂರರಲ್ಲೂ ಬಿಳಿ ಮಂಜು. ನಾನು ಆ ಎಲೆಯನ್ನೇ ನೋಡುತ್ತ ನಿಂತೆ. ತುದಿ ಊರಿನ ಕಡೆಗಿರಲಿಲ್ಲ, ನೆತ್ತಿಯ ಕಡೆಗೂ ಇರಲಿಲ್ಲ. ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ವಾಟೆಹಳ್ಳದ ದಾರಿಗೆ ಹಿಡಿದಿತ್ತು.

"ಹಳ್ಳಕ್ಕೆ ಇಳಿದಿದಾರೆ," ಎಂದೆ.

"ನಿಂಗೆಂಗೆ ಗೊತ್ತು?"

"ತುದಿ ಆ ಕಡೆಗದೆ."

"ತುದಿಗೂ ದಾರಿಗೂ ಏನ್ಲಾ ಸಂಬಂಧ? ಯಾರು ಹೇಳಿದ್ರು?"

ಬೆಟ್ಟದ ಮೇಲೆ ಸತ್ಯ ಹೇಳಿ ನನಗೆ ಅಭ್ಯಾಸವಿಲ್ಲ, ಆದರೂ ಹೇಳಿದೆ. "ಯಾರೂ ಹೇಳಿಲ್ಲಕ್ಕ. ನಾನೇ ಕಟ್ಟಿದ್ದು. ಬೆಳಿಗ್ಗೆ ಅವರಿಗೆ ಹೇಳಿದ್ದೆ. ಅವರು ನಂಬಿದ್ರು."

"ನಿನ್ನ ಮಾತು ನಂಬೋನೂ ಒಬ್ಬ ಭೂಮಿ ಮೇಲೆ ಹುಟ್ಟಿದ್ನಾ!" ಎಂದವಳೇ ಹುಚ್ಚಮ್ಮಕ್ಕ ಕೋಲು ಊರಿಕೊಂಡು ಎಲ್ಲರಿಗಿಂತ ಮುಂದೆ ಹಳ್ಳಕ್ಕೆ ಇಳಿದಳು. ದನಗಳು ತಾವೇ ಹಿಂದೆ ಬಂದವು.

ಇನ್ನೂರು ಹೆಜ್ಜೆ ಇಳಿದಿರಬಹುದು. ಎರಡು ಸಾವಿರ ಎನ್ನಬೇಕೆಂದು ಆಸೆಯಿದೆ, ಆದರೆ ಅವತ್ತಿನ ಹೆಜ್ಜೆಗಳನ್ನು ಉಬ್ಬಿಸಲು ಮನಸ್ಸು ಬರುವುದಿಲ್ಲ. ವಾಟೆಯ ಬುಡದಲ್ಲಿ, ದಾರಿಯ ಎಡಬದಿಗೆ, ಸಣ್ಣಸ್ವಾಮಣ್ಣ ಕೂತಿದ್ದರು. ಅಂಗಿ ಬೆವರಿನಿಂದ ಮೈಗಂಟಿತ್ತು. ಕೈ ನಡುಗುತ್ತಿತ್ತು. ಮಗಳನ್ನು ಕಂಡರೂ ಗುರುತು ಹತ್ತಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು.

ಕಾವ್ಯಶ್ರೀ ಡಬ್ಬಿ ತೆಗೆಯುವಷ್ಟರಲ್ಲಿ ಹುಚ್ಚಮ್ಮಕ್ಕ ಸೊಂಟದ ಚೀಲದಿಂದ ಬೆಲ್ಲದ ಉಂಡೆ ತೆಗೆದು, ಮುರಿದು, ಅವರ ಬಾಯಿಗಿಟ್ಟಳು. "ಅಗಿಯಪ್ಪ. ನಮ್ಮ ಗಬ್ಬದ ಹಸೂಗೆ ಅಂತ ತಂದಿದ್ದೆ. ಅವಳು ಬ್ಯಾಡ ಅನ್ನಕಿಲ್ಲ." ಹಿಂದೆಯೇ ಹಳ್ಳದ ನೀರು ಕುಡಿಸಿದೆ. ಡಬ್ಬಿಯ ಅಕ್ಕಿರೊಟ್ಟಿಯನ್ನು ಮಗಳು ಚೂರು ಮಾಡಿ ಮಾಡಿ ತಿನ್ನಿಸಿದಳು. ನಾನು ಅವರ ಅಂಗೈ ಉಜ್ಜುತ್ತ, ಗೊತ್ತಿದ್ದ ದೇವರಿಗೆಲ್ಲ ಒಂದೊಂದು ಮಾತು ಹಾಕಿದೆ. ಗೊತ್ತಿಲ್ಲದ ದೇವರಿಗೂ ಹಾಕಿದೆ.

ಹದಿನೈದು ನಿಮಿಷಕ್ಕೆ ಮುಖದಲ್ಲಿ ಬಣ್ಣ ಬಂತು. ಮೊದಲ ಮಾತು ನನಗೇ.

"ಸಿದ್ದಪ್ಪನೋರೆ, ಇದೇ ಊರಿನ ದಾರಿ ಅಂದ್ಕಂಡು ತಪ್ಪಾಗಿ ತಿರುಗಿದೆ. ಆದ್ರೆ ಇಂಡಿಕೇಟರ್ ಹಾಕಿದ್ದೆ. ಕಣ್ಣು ಕತ್ತಲೆ ಬಂದಾಗ ಸೈಡಿಗೆ ಹಾಕಿ ನಿಂತೆ. ಹಿಂದೆ ಬರೋ ಗಾಡಿ ನೋಡ್ತದೆ ಅಂತ ನಂಬಿಕೆ ಇತ್ತು."

ಅವರ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತೆ. ನನ್ನ ಕಣ್ಣೀರಿಗೆ ಹಳ್ಳ ಒಂದಡಿ ಏರಿತು. ಇದನ್ನು ಹುಚ್ಚಮ್ಮಕ್ಕನೂ ಒಪ್ಪುತ್ತಾಳೆ, ಕೇಳಿ ನೋಡಿ.

ಅವತ್ತು ಅವಳ ಮನೆಯಲ್ಲಿ ಬಿಸಿ ಗಂಜಿ ಕುಡಿದು, ಮಂಜು ಸರಿದ ಮೇಲೆ ಊರಿಗೆ ಇಳಿದೆವು. ಹುಚ್ಚಮ್ಮಕ್ಕ ಸೊಪ್ಪಿನಕಲ್ಲಿನವರೆಗೂ ಜೊತೆಗೆ ಬಂದಳು. ಅಲ್ಲಿ ನಾನು ನಿಂತೆ. ಹಳ್ಳದಲ್ಲಿ ಕಿತ್ತಿದ್ದ ವಾಟೆಯ ಎಳೆಗರಿಯನ್ನು ಏಲಕ್ಕಿ ಎಲೆಯ ಪಕ್ಕದಲ್ಲಿಟ್ಟೆ. ಇಪ್ಪತ್ತೆರಡು ವರ್ಷದ ಬಾಕಿ, ಆದ್ದರಿಂದ ಒಂದು ಹೊರೆಯಷ್ಟು ಇಡಬೇಕಿತ್ತು. ಹುಚ್ಚಮ್ಮಕ್ಕ ತಡೆದಳು. "ಒಂದೇ ಸಾಕು ಕಣ. ಅದಕ್ಕೂ ಉಬ್ಬಿಸಬ್ಯಾಡ."

ಈಗ ಪ್ರತಿ ಸಲ ಇಡುತ್ತೇನೆ, ನನ್ನ ಜೊತೆ ಬಂದವರಿಂದಲೂ ಇಡಿಸುತ್ತೇನೆ. ಕೇರಳದಲ್ಲಿ ಇಳಿದವನ ಕಥೆ ಬಿಟ್ಟಿದ್ದೇನೆ, ಬಸ್ ಡ್ರೈವರನ ಕಥೆ ಹೇಳುತ್ತೇನೆ. ಸಣ್ಣಸ್ವಾಮಣ್ಣ ಜನವರಿಯಲ್ಲಿ ಮತ್ತೆ ಬಂದರು. ಎರಡೂ ಜೇಬಿನಲ್ಲಿ ಬೆಲ್ಲ, ಒಂದು ಅವರಿಗೆ, ಒಂದು ಆ ಹಸುವಿಗೆ. ಅದು ಆಗಲೇ ಕರು ಹಾಕಿತ್ತು.

ನಾವು ಕಲ್ಲಿನ ಹತ್ತಿರ ಬಂದಾಗ ಹುಚ್ಚಮ್ಮಕ್ಕ ಹೊಸಬರ ಒಂದು ಗುಂಪನ್ನು ನಿಲ್ಲಿಸಿಕೊಂಡು ಕೋಲಿನಿಂದ ತೋರಿಸುತ್ತಿದ್ದಳು.

"ಅಂಗಲ್ಲ, ತುದಿ ಹೋಗೋ ಕಡೆಗೆ. ನಮ್ಮಜ್ಜಿಯ ಅಜ್ಜಿ ಕಾಲದಿಂದ ಇಂಗೇ ನಡ್ಕಂಡು ಬಂದದೆ."

ನಾನು ಸಣ್ಣಸ್ವಾಮಣ್ಣನ ಮುಖ ನೋಡಿದೆ. ಅವರು ಜರಿಯ ಗರಿಯನ್ನು ಸರಿಯಾಗಿ ತಿರುಗಿಸಿಡುವುದರಲ್ಲಿ ಮಗ್ನರಾಗಿದ್ದರು. ಹುಚ್ಚಮ್ಮಕ್ಕ ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದಳು. ನಾನು ಸುಮ್ಮನೆ ಕೈ ಮುಗಿದು, ನನ್ನ ಎಲೆಯನ್ನು ಇಟ್ಟೆ.