ಉಡದಣ್ಣನ ಗಂಟು

ಹಗ್ಗ ಹಿಡಿದು ನೇತಾಡುವುದಕ್ಕೆ ಸಂಬಳ ಬೇರೆ ಕೊಡುತ್ತಾರಾ ಎಂದು ಅವಳ ಅತ್ತೆ ಕೇಳುತ್ತಿದ್ದರು. ಒಮ್ಮೆಯಲ್ಲ, ಮನೆಗೆ ಬಂದುಹೋಗುವವರ ಮುಂದೆಲ್ಲ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಸಾಹಸ ಶಿಬಿರದ ಸಾಮಾನು ಕೋಣೆಯಲ್ಲಿ ಹಗ್ಗ ತೊಳೆದು, ಡೇರೆಗೆ ತೇಪೆ ಹಾಕಿ, ಹೆಲ್ಮೆಟ್ಟುಗಳ ಬೆವರು ಒರೆಸಿ ವರ್ಷಗಳೇ ಕಳೆದಿದ್ದವು. ಬಿಡುವು ಸಿಕ್ಕಾಗಲೆಲ್ಲ ಬಂಡೆ ಹತ್ತಿಳಿಯುವುದನ್ನು ಕಲಿತಿದ್ದಳು. ಇವತ್ತು ಪರೀಕ್ಷೆ. ಪಾಸಾದರೆ ನಾಳೆಯಿಂದ ಗೈಡ್. ಇಲ್ಲವಾದರೆ ಮುಂದಿನ ವರ್ಷದವರೆಗೆ ಅದೇ ಸಾಮಾನು ಕೋಣೆ. ಮಗಳಂತೂ ಅಮ್ಮ ಗೈಡ್ ಆಗಿಯೇಬಿಟ್ಟಳೆಂದು ಶಾಲೆಯಲ್ಲಿ ಆಗಲೇ ಡಂಗುರ ಸಾರಿ ಬಂದಿದ್ದಳು.

ಪರೀಕ್ಷೆ ಮಾಡುವವನು ಶಿಬಿರದ ಹಿರಿಯ ಗೈಡ್. ಎದುರಿಗೆ ಎಲ್ಲರೂ ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಉಡದಣ್ಣ. ಗೋಡೆಯಂಥ ಬಂಡೆಗೂ ಉಡದ ಹಾಗೆ ಪಟ್ಟು ಹಾಕಿ ಅಂಟಿಕೊಳ್ಳುವ ಆಸಾಮಿ. ಅವನು ತಂದ ಕಟ್ಟಳೆಯೊಂದಿತ್ತು: ಗಂಟು ಹಾಕುತ್ತಿರುವವರನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದವರು ಹೆಲ್ಮೆಟ್ ಕಳಚಿಡಬೇಕು, ಆ ದಿನ ಹಗ್ಗ ಮುಟ್ಟುವಂತಿಲ್ಲ. ಹಾಕಿದ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡಬೇಕೆಂಬುದೂ ಕಟ್ಟಳೆಯೇ. ಆದರೆ ಉಡದಣ್ಣನ ಗಂಟನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾದೀತೆಂಬ ಸಂಕೋಚ.

ಬಂಡೆಯ ನೆತ್ತಿಯಲ್ಲಿ ಅಂದು ನಾಲ್ಕೇ ಜನ. ಅವಳು, ಉಡದಣ್ಣ, ಗಿರಾಕಿಗಳಾಗಿ ಬಂದಿದ್ದ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಡಾಕ್ಟರ ಮುಖ ಸುಣ್ಣ ಬಳಿದಂತಾಗಿತ್ತು. ಏನೂ ಆಗಲ್ಲ ಅಂತ ದಿನವೂ ಎಷ್ಟು ಜನಕ್ಕೆ ಹೇಳ್ತೀರಿ, ಇವತ್ತು ನಿಮಗೇ ಹೇಳಿಕೊಳ್ಳಿ ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಪರೀಕ್ಷೆಗೆ ನಿಂತವಳು ಗಂಡಹೆಂಡಿರಿಬ್ಬರ ಗಂಟುಗಳನ್ನೂ ಮುಟ್ಟಿ ನೋಡಿ, ಅಂಚಿನಿಂದ ದೂರದಲ್ಲಿ ಒಂದು ಮರಕ್ಕೆ ಬಿಗಿದು ಕೂರಿಸಿದಳು. ಮೊದಲು ಉಡದಣ್ಣನನ್ನು ಹಗ್ಗದಲ್ಲಿ ಕೆಳಗಿಳಿಸಬೇಕು, ಆಮೇಲೆ ಇವರಿಬ್ಬರನ್ನು. ಅದೇ ಪರೀಕ್ಷೆ.

ಬಂಡೆಗೆ ಬಡಿದ ಕಬ್ಬಿಣದ ಕೊಂಡಿಗೆ ತನ್ನನ್ನು ಪಟ್ಟಿಯಿಂದ ಬಿಗಿದುಕೊಂಡು, ಹಗ್ಗ ಅಂಚಿಗೆ ತಿಕ್ಕದಂತೆ ಕೆಳಗಿಡುವ ದಪ್ಪ ಗೋಣಿಯನ್ನು ಹಾಸುತ್ತ, ಇಲ್ಲೇ ಇಡಲಾ ಇನ್ನೂ ಸ್ವಲ್ಪ ಆಚೆಗಾ ಎಂದು ಕೇಳಿದಳು. ಸೊಂಟದ ಹಗ್ಗದಲ್ಲಿ ಕೈಯಿದ್ದ ಉಡದಣ್ಣ ತಿರುಗಿ ನೋಡಿ, ಕಾಲಿನಿಂದಲೇ ಜಾಗ ತೋರಿಸಿದ. ಜಾಕೆಟ್ ಕೆಳಗೆಳೆದುಕೊಂಡು ಅಂಚಿಗೆ ನಡೆದ. ಪ್ರಪಾತಕ್ಕೆ ಬೆನ್ನು ಮಾಡಿ ನಿಂತು, ಹ್ಞೂ ಇಳಿಸು ಎಂದ.

ಆಗ ಗಾಳಿ ಬೀಸಿ ಜಾಕೆಟ್ಟಿನ ತುದಿ ಮೇಲೆದ್ದಿತು.

ಅವರು ಹಾಕುವುದು ಎಂಟರ ಆಕಾರದ ಗಂಟು. ಮೊದಲು ಒಂದೆಳೆಯ ಎಂಟು ಹಾಕಿ, ತುದಿಯನ್ನು ಸೊಂಟದ ಬೆಲ್ಟಿನೊಳಗೆ ತೂರಿಸಿ, ಬಂದ ದಾರಿಯಲ್ಲೇ ವಾಪಸ್ಸು ಹೆಣೆಯಬೇಕು. ಆಗ ಎರಡೆಳೆ ಜೋಡಿಯಾಗಿ ಕಾಣುತ್ತದೆ. ಉಡದಣ್ಣನ ಸೊಂಟದಲ್ಲಿ ಕಂಡದ್ದು ಒಂದೇ ಎಳೆ. ತುದಿ ಬೆಲ್ಟಿನಲ್ಲಿ ತೂರಿದ್ದಷ್ಟೇ, ಸುಮ್ಮನೆ ಜೋತುಬಿದ್ದಿತ್ತು. ಅವನು ಹಿಂದಕ್ಕೆ ಭಾರ ಬಿಟ್ಟನೋ, ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಕಳಚಿಕೊಳ್ಳುತ್ತದೆ.

ಅವಳ ಕೈ ತಾನಾಗಿಯೇ ಹಗ್ಗವನ್ನು ಬಿಗಿಯಲು ಹೋಯಿತು. ಹೋದಷ್ಟೇ ಬೇಗ ತಡೆದುಕೊಂಡಳು. ಎಳೆದರೆ ತುದಿ ಬೆಲ್ಟಿನಿಂದ ಹೊರಗೆ. ಕೂಗಿದರೆ ಅವನು ಬೆಚ್ಚಿ ಬೀಳಬಹುದು. ಮಗಳು ಪುಟ್ಟವಳಿದ್ದಾಗ ತಾರಸಿಯ ಕಟ್ಟೆ ಏರಿ ನಿಂತಿದ್ದಾಗಲೂ ಅವಳು ಕೂಗಿರಲಿಲ್ಲ. ಹಗ್ಗವನ್ನು ಸಡಿಲ ಬಿಟ್ಟು, ಪಟ್ಟಿ ಬಿಗಿಯುವಷ್ಟು ದೂರ ಮುಂದೆ ಸರಿದಳು.

"ಹಗ್ಗ ಸಡಿಲ ಬಿಡ್ತಿದೀಯ. ಬಿಗಿ ಮಾಡು," ಎಂದ ಉಡದಣ್ಣ. ಮೊಣಕಾಲು ಬಗ್ಗಿಸತೊಡಗಿದ್ದ.

"ಅಣ್ಣ, ಕೂರಬೇಡಿ. ಹಾಗೇ ನಿಂತು ನನ್ನ ಕೈ ಹಿಡ್ಕೊಳ್ಳಿ."

"ಪರೀಕ್ಷೆ ನಿಂಗೋ ನಂಗೋ?"

"ಆಮೇಲೆ ಬೈಯಿರಿ. ಈಗ ಕೈ ಕೊಡಿ."

ದನಿ ತೊಟ್ಟಿಲು ತೂಗುವವರದಷ್ಟು ಮೆತ್ತಗಿತ್ತು. ಅದಕ್ಕೇ ಏನೋ ಅವನಿಗೆ ಅನುಮಾನ ಬಂತು. ಕೈ ಚಾಚಿದ. ಬೆರಳಿಗೆ ಬೆರಳು ತಾಗಿತು, ಸಾಲದಾಯಿತು. ಅವಳು ಪಟ್ಟಿಯ ಮೇಲೆ ಇಡೀ ಮೈ ಚೆಲ್ಲಿ ಅವನ ಮಣಿಕಟ್ಟು ಹಿಡಿದಳು, ಆಮೇಲೆ ಬೆಲ್ಟು. ಒಳಕ್ಕೆ ಎಳೆದ ರಭಸಕ್ಕೆ ಇಬ್ಬರೂ ಬಂಡೆಯ ಮೇಲೆ ಕುಸಿದರು. ಜೋತಿದ್ದ ತುದಿ ಬೆಲ್ಟಿನಿಂದ ತಾನೇ ಜಾರಿ ಅವನ ಕಾಲ ಬಳಿ ಬಿತ್ತು.

ಉಡದಣ್ಣ ಅದನ್ನೇ ನೋಡುತ್ತ ಕುಳಿತ.

ಇದೂ ಪರೀಕ್ಷೆಯಲ್ಲಿ ಒಂದಾ ಎಂದು ಮರದ ಬುಡದಿಂದ ಡಾಕ್ಟರು ಕೇಳಿದರು.

"ಹೌದು," ಎಂದ ಉಡದಣ್ಣ, ಅವರತ್ತ ತಿರುಗದೆ. "ನೋಡ್ತಾಳೋ ಇಲ್ವೋ ಅಂತ ಬೇಕಂತಲೇ ಬಿಟ್ಟಿದ್ದೆ. ನೋಡಿದ್ಲು. ಪಾಸು."

ಡಾಕ್ಟರ ಹೆಂಡತಿ ಚಪ್ಪಾಳೆ ತಟ್ಟಿದಳು. ಪಕ್ಕದಲ್ಲೇ ಕುಸಿದಿದ್ದ ಇವಳಿಗೆ ಮಾತ್ರ ಅವನ ಕೈಗಳು ಕಾಣುತ್ತಿದ್ದವು. ಬಿದ್ದ ತುದಿಯನ್ನು ಬೆಲ್ಟಿಗೆ ತೂರಿಸಲು ಹೋಗಿ ಎರಡೆರಡು ಸಲ ತಪ್ಪಿದವು. ಪಾಸು. ಬಾಯಿಗೆ ಬಂದ ತುತ್ತು. ತುಟಿ ಹೊಲಿದುಕೊಂಡಿದ್ದರೆ ಸಾಕು, ಅವನ ಮಾನವೂ ಉಳಿಯುತ್ತದೆ, ಮಗಳ ಮಾತೂ ಉಳಿಯುತ್ತದೆ. ನಾಳೆ ಬೆಳಿಗ್ಗೆ ಉಡದಣ್ಣ ಮತ್ತೆ ಇದೇ ಅಂಚಿನಲ್ಲಿ ನಿಲ್ಲುತ್ತಾನೆ. ಮತ್ತೆ ಯಾರೂ ಮುಟ್ಟಿ ನೋಡುವುದಿಲ್ಲ.

ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದು ಬಂಡೆಯ ಮೇಲಿಟ್ಟಳು.

"ನೀವು ಗಂಟು ಹಾಕೋವಾಗ ಮಾತಾಡ್ಸಿದ್ದು ನಾನು ಅಣ್ಣ. ಗೋಣಿ ಎಲ್ಲಿಡ್ಲಿ ಅಂತ ಕೇಳ್ದೆ. ನೀವು ಅಲ್ಲಿಗೇ ಬಿಟ್ರಿ. ಮುಟ್ಟಿ ನೋಡ್ಬೇಕಿತ್ತು, ನಾನು ಅದನ್ನೂ ಮಾಡ್ಲಿಲ್ಲ."

"ಸುಮ್ನಿದ್ದಿದ್ರೆ ನೀನೇನು ಕಳ್ಕೊಳ್ತಿದ್ದೆ?" ಅವನ ದನಿ ತಗ್ಗಿತ್ತು.

"ನಾಳೆ ನಿಮ್ಮ ಗಂಟು ಯಾರು ನೋಡ್ತಾರೆ?"

ಉಡದಣ್ಣ ಎದ್ದು ತನ್ನ ಹೆಲ್ಮೆಟ್ಟನ್ನೂ ಕಳಚಿದ. ನಾಲ್ವರೂ ಕಾಲುದಾರಿಯಲ್ಲಿ ಇಳಿದರು. ಎಲ್ಲರಿಗಿಂತ ಹಗುರವಾಗಿ ನಡೆದವರು ಡಾಕ್ಟರು. ಕೆಳಗೆ ಬಂದಾಗ ಉಡದಣ್ಣ ನಪಾಸು ಎಂದ, ಅವಳ ಮುಖ ನೋಡದೆ. ಅವಳು ತಲೆಯಾಡಿಸಿದಳು.

ಮಗಳು ಅಂದು ಊಟಕ್ಕೆ ಕರೆದರೂ ಏಳಲಿಲ್ಲ. ನಾಳೆ ಶಾಲೆಗೆ ಹೇಗೆ ಹೋಗಲಿ ಎಂದು ಮುಸುಕೆಳೆದು ಮಲಗಿದ್ದಳು. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮರುದಿನ ಅವಳು ಹಗ್ಗದ ಸುರುಳಿ ಹೆಗಲಿಗೇರಿಸಿ ಬಂಡೆಯ ನೆತ್ತಿಗೆ ಬಂದಾಗ ಹೊಸ ಗಿರಾಕಿಗಳು, ಇತರ ಗೈಡುಗಳು ನೆರೆದಿದ್ದರು. ಉಡದಣ್ಣ ಗಂಟು ಹಾಕಿ ಮುಗಿಸಿದ್ದ. ಆದರೆ ಅಂಚಿಗೆ ಹೋಗಿರಲಿಲ್ಲ. ಜಾಕೆಟ್ ಎದೆಯವರೆಗೆ ಎತ್ತಿ ಹಿಡಿದು ನಿಂತಿದ್ದ. ಏನು ಬೇಕೆಂದು ತಿಳಿಯದೆ ಗೈಡುಗಳು ಮುಖ ಮುಖ ನೋಡಿಕೊಂಡರು. ಯಾರೂ ಮುಂದೆ ಬರಲಿಲ್ಲ.

ಅವಳು ಸುರುಳಿ ಕೆಳಗಿಟ್ಟು ಹತ್ತಿರ ಹೋದಳು. ಎರಡೆಳೆ ದೂರದಿಂದಲೇ ಕಾಣುತ್ತಿತ್ತು. ಆದರೂ ಬೆರಳಿಟ್ಟು, ಒಂದೊಂದೇ ತಿರುವನ್ನು ಹಿಡಿದು ಕೊನೆಯವರೆಗೆ ನೋಡಿದಳು. ಅಷ್ಟು ಹೊತ್ತೂ ಉಡದಣ್ಣ ಜಾಕೆಟ್ ಕೆಳಗೆ ಬಿಡಲಿಲ್ಲ.